ಮಬ್ಬಾಗಿ ಉರಿಯುವ ಕೆಂಪು ದೀಪ: ಮಾರಿಸ್ ಮೈನರ್ ಚಾರ್ಜಿಂಗ್ ರಿಪೇರಿ

ಹಗಲಲ್ಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಡ್ಯಾಶ್‌ಬೋರ್ಡಿನ ಕೆಂಪು ಇಗ್ನಿಷನ್ ದೀಪ ಮಬ್ಬಾಗಿ ಉರಿಯತೊಡಗುತ್ತದೆ. ಕತ್ತಲಿದ್ದರೆ ಮಾತ್ರ ಕಾಣುವಷ್ಟು ಬೆಳಕು. ಹೀಗೆ ಕೆಲವು ರಾತ್ರಿ ಓಡಾಡಿದರೆ ಬೆಳಗ್ಗೆ ಸ್ಟಾರ್ಟರ್ ಮುಲುಗುತ್ತದೆ. ಕಾರು ಮಾರಿಸ್ ಮೈನರ್ 1000, 1098 ಸಿಸಿ ಎಂಜಿನ್. ಚಾರ್ಜಿಂಗ್‌ಗೆ ಲೂಕಸ್ ಸಿ40 ಡೈನಮೋ (ಬೆಲ್ಟಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಯಂತ್ರ), ಜತೆಗೆ ಅದನ್ನು ಹಿಡಿತದಲ್ಲಿಡುವ ಆರ್‌ಬಿ106/2 ಕಂಟ್ರೋಲ್ ಬಾಕ್ಸ್. ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹದ ಮೈಗೆ ಜೋಡಿಸಿರುತ್ತದೆ, ಮೈನಸ್ ತುದಿಯೇ ಲೈವ್.

ಇಂಥ ಗಾಡಿಗೆ ಎಲ್ಲರೂ ಕೊಡುವ ಮೊದಲ ಸಲಹೆ ಹೊಸ ಬ್ಯಾಟರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅದು. ಎರಡನೇ ಸಲಹೆ ಡೈನಮೋ ಕಿತ್ತೆಸೆದು ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕುವುದು. ಅದರಲ್ಲಿ ಅರ್ಥವಿದೆ, ಮುಂದೆ ಬರೆಯುತ್ತೇನೆ. ಆದರೆ ಹಳೆಯ ವ್ಯವಸ್ಥೆಯಲ್ಲಿ ವೋಲ್ಟ್ ಎಲ್ಲಿ ಸೋರುತ್ತಿದೆ ಎಂದು ನೋಡದೆ ಆಲ್ಟರ್ನೇಟರ್ ಹಾಕಿದರೆ, ಆ ಸೋರುವ ಜಾಗಗಳ ಮೂಲಕವೇ ಇನ್ನೂ ಹೆಚ್ಚು ಕರೆಂಟ್ ಹರಿಯುತ್ತದೆ. ಮೊದಲು ಬರೀ ಬಿಸಿಯಾಗುತ್ತಿದ್ದ ಟರ್ಮಿನಲ್ ಆಮೇಲೆ ಸುಡುತ್ತದೆ. ಹಾಗಾಗಿ ಸ್ಪ್ಯಾನರ್‌ಗಿಂತ ಮೊದಲು ಮೀಟರ್ ಕೈಗೆತ್ತಿಕೊಂಡೆ.

ಆ ಕೆಂಪು ದೀಪ ಏನು ಹೇಳುತ್ತದೆ ಅನ್ನುವುದು ಮುಖ್ಯ. ಅದರ ಒಂದು ತುದಿ ಇಗ್ನಿಷನ್ ಸ್ವಿಚ್ಚಿನ ಬಿಳಿ ವೈರಿಗೆ, ಇನ್ನೊಂದು ತುದಿ ಡೈನಮೋದ ಕರೆಂಟ್ ಹೊರಬರುವ ಡಿ ಟರ್ಮಿನಲ್‌ಗೆ. ಎಂಜಿನ್ ನಿಂತಿದ್ದಾಗ ಡೈನಮೋ ಕಡೆ ಸೊನ್ನೆ, ಸ್ವಿಚ್ ಕಡೆ 12 ವೋಲ್ಟ್, ಆದ್ದರಿಂದ ಪೂರ್ತಿ ಉರಿಯುತ್ತದೆ. ಡೈನಮೋ ಎದ್ದ ಮೇಲೆ ಎರಡೂ ಕಡೆ ಸಮ, ಆದ್ದರಿಂದ ಆರುತ್ತದೆ. ಮಬ್ಬಾಗಿ ಉರಿದರೆ ಎರಡೂ ಕಡೆಗಳ ನಡುವೆ ಒಂದೆರಡು ವೋಲ್ಟ್ ವ್ಯತ್ಯಾಸ ಇದೆ ಎಂದರ್ಥ. ಹೆಡ್‌ಲೈಟ್ ಹಾಕಿದಾಗ ಮಾತ್ರ ಬರುತ್ತದೆ ಅಂದರೆ, ಕರೆಂಟ್ ಜಾಸ್ತಿ ಹರಿದಾಗ ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್ ಇದೆ. ಡೈನಮೋ ಸತ್ತಿಲ್ಲ, ಅದು ಕೊಡುವುದು ಮುಟ್ಟಬೇಕಾದ ಕಡೆ ಪೂರ್ತಿ ಮುಟ್ಟುತ್ತಿಲ್ಲ.

ರಾತ್ರಿಯಿಡೀ ನಿಂತ ಬ್ಯಾಟರಿ 12.4 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದದ್ದು 12.6 ಅಥವಾ 12.7 ಇರಬೇಕು, 12.2 ಅಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಎಂಜಿನ್ ಓಡಿಸಿ, ವೇಗ ಸ್ವಲ್ಪ ಏರಿಸಿ, ಹೆಡ್‌ಲೈಟ್ ಹಾಕಿ ಮತ್ತೆ ನೋಡಿದಾಗ ಬ್ಯಾಟರಿಯ ಮೇಲೆ 12.3. ಅದೇ ಹೊತ್ತಿಗೆ ಡೈನಮೋದ ಡಿ ಟರ್ಮಿನಲ್ ಮತ್ತು ಅದರದೇ ಮೈ ನಡುವೆ 13.7. ನಡುವಿನ 1.4 ವೋಲ್ಟ್ ಎಲ್ಲಿ ಹೋಯಿತು?

ವೋಲ್ಟೇಜ್ ಡ್ರಾಪ್ ಹುಡುಕುವುದು ಸುಲಭ. ಕರೆಂಟ್ ಹರಿಯುತ್ತಿರುವಾಗಲೇ ಒಂದೇ ವೈರಿನ ಎರಡು ತುದಿಗಳಿಗೆ ಮೀಟರಿನ ಎರಡು ಕಡ್ಡಿ ಮುಟ್ಟಿಸುತ್ತಾ ಹೋಗಬೇಕು. ಎಂಜಿನ್ ನಿಲ್ಲಿಸಿ ಓಮ್ ಅಳೆದರೆ ಇದು ಸಿಗುವುದಿಲ್ಲ, ಏಕೆಂದರೆ ಒಂದು ಓಮ್‌ನ ಹತ್ತರಲ್ಲೊಂದು ಭಾಗಕ್ಕೂ ಕಡಿಮೆ ರೆಸಿಸ್ಟೆನ್ಸ್ ಇಲ್ಲಿ ಕಾಟ ಕೊಡುತ್ತಿರುತ್ತದೆ. ಡೈನಮೋದಿಂದ ಬಾಕ್ಸಿನವರೆಗಿನ ಕಂದು-ಹಳದಿ ವೈರಿನಲ್ಲಿ 0.2. ಬಾಕ್ಸಿನೊಳಗೆ ಡಿ ಇಂದ ಬ್ಯಾಟರಿ ಬದಿಯ ಎ ಟರ್ಮಿನಲ್ ವರೆಗೆ 0.9. ಬಾಕ್ಸಿನಿಂದ ಬ್ಯಾಟರಿಗೆ ಹೋಗುವ ಕಂದು ವೈರಿನಲ್ಲಿ ಏನೂ ಇಲ್ಲ. ವೈರ್ ಚೆನ್ನಾಗಿದೆ ಎಂದಲ್ಲ, ಅದರಲ್ಲಿ ಕರೆಂಟೇ ಹರಿಯುತ್ತಿರಲಿಲ್ಲ: ಡೈನಮೋ ಕೊಟ್ಟದ್ದನ್ನೆಲ್ಲ ದೀಪಗಳು ನುಂಗುತ್ತಿದ್ದವು, ಬ್ಯಾಟರಿಗೆ ಏನೂ ಉಳಿಯುತ್ತಿರಲಿಲ್ಲ. ಡೈನಮೋ ಮೈ ಮತ್ತು ಕಾರಿನ ಬಾಡಿ ನಡುವೆ ಇನ್ನೂ 0.3. ಬಾಕ್ಸಿನ ಎ1 ಇಂದ ಲೈಟ್ ಸ್ವಿಚ್ಚಿಗೆ ಹೋಗುವ ಕಂದು-ನೀಲಿ ವೈರಿನಲ್ಲಿ 0.6. ಬಾಕ್ಸಿನ 0.9 ಮತ್ತು ಈ 0.6 ಸೇರಿ ಒಂದೂವರೆ ವೋಲ್ಟ್, ಕೆಂಪು ದೀಪದ ಮಬ್ಬು ಬೆಳಕಿಗೆ ಅಷ್ಟು ಸಾಕು.

ಇಷ್ಟರಲ್ಲಿ ಡೈನಮೋ ನಿರಪರಾಧಿ ಎಂದು ಬಿಡಬಹುದಿತ್ತು. ಆದರೂ ಅದರದೇ ಪರೀಕ್ಷೆ ಒಂದಿದೆ, ಮಾಡದೆ ಬಿಡಬಾರದು. ಡಿ ಮತ್ತು ಎಫ್ (ಫೀಲ್ಡ್ ಟರ್ಮಿನಲ್) ಎರಡೂ ವೈರ್ ಕಿತ್ತು, ಆ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ, ಅಲ್ಲಿಂದ ಡೈನಮೋ ಮೈಗೆ ವೋಲ್ಟ್ ಮೀಟರ್ ಹಾಕಿ ಎಂಜಿನ್ ವೇಗ ನಿಧಾನವಾಗಿ ಏರಿಸಬೇಕು. ವೋಲ್ಟೇಜ್ ತಡೆಯಿಲ್ಲದೆ ಏರಬೇಕು. ಇಲ್ಲಿ ರೆಗ್ಯುಲೇಟರ್ ಹಿಡಿತ ಇಲ್ಲ, ಆದ್ದರಿಂದ 20 ವೋಲ್ಟ್ ದಾಟಿಸಬೇಡಿ; 1000 ಆರ್‌ಪಿಎಂ ಸಾಕು. ಒಂದು ವೋಲ್ಟ್ ಆಸುಪಾಸಿನಲ್ಲೇ ನಿಂತರೆ ಫೀಲ್ಡ್ ವೈಂಡಿಂಗ್ (ಮೈಯೊಳಗೆ ಅಯಸ್ಕಾಂತವಾಗಿ ಕೆಲಸ ಮಾಡುವ ನಿಂತ ಸುತ್ತು) ಅನುಮಾನ: ಕಬ್ಬಿಣದಲ್ಲಿ ಉಳಿದ ಅಯಸ್ಕಾಂತತೆ ಮಾತ್ರ ಕೆಲಸ ಮಾಡುತ್ತಿದೆ. ನಾಲ್ಕೈದು ವೋಲ್ಟಿಗೆ ನಿಂತರೆ ಆರ್ಮೇಚರ್ (ನಡುವೆ ತಿರುಗುವ, ಕರೆಂಟ್ ಹುಟ್ಟುವ ಭಾಗ) ಅನುಮಾನ. ನನ್ನದು 15ರ ಹತ್ತಿರ ಹೋಯಿತು, ಆದರೆ ಮುಳ್ಳು ನಿಲ್ಲದೆ ಅದುರುತ್ತಿತ್ತು. ಈ ಕೆಲಸಕ್ಕೆ ಮುಳ್ಳಿನ ಮೀಟರೇ ಬೇಕು. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಕುಣಿಯುವುದು ಕಾಣುತ್ತದೆ ಹೊರತು ಅದುರಾಟ ತಿಳಿಯುವುದಿಲ್ಲ. ಅದುರಾಟ ಅಂದರೆ ತೊಂದರೆ ಇರುವುದು ಕಮ್ಯುಟೇಟರಿನಲ್ಲಿ (ಆರ್ಮೇಚರ್ ತುದಿಯ ತಾಮ್ರದ ಪಟ್ಟಿಗಳ ಉರುಳೆ), ಇಲ್ಲವೇ ಅದರ ಮೇಲೆ ಒತ್ತಿ ಕೂತು ಕರೆಂಟ್ ಹೊರತರುವ ಕಾರ್ಬನ್ ಬ್ರಷ್ಷಿನಲ್ಲಿ.

ಡೈನಮೋ ಇಳಿಸುವುದರಲ್ಲಿ ಹೇಳುವಂಥದ್ದೇನಿಲ್ಲ: ಬ್ಯಾಟರಿ ಬಿಚ್ಚಿ, ಬೆಲ್ಟ್ ಸಡಿಲಿಸಿ, ಮೂರು ಬೋಲ್ಟ್. ಹಿಂದಿನ ಮುಚ್ಚಳದಿಂದ ಮುಂದಿನವರೆಗೆ ಹಾಯುವ ಎರಡು ಉದ್ದನೆಯ ಬೋಲ್ಟುಗಳನ್ನು ತೆಗೆದರೆ ಇಡೀ ಡೈನಮೋ ಮೂರು ತುಂಡಾಗಿ ಕೈಗೆ ಬರುತ್ತದೆ. ಹಳೆಯ ಕೆಲವು ಡೈನಮೋಗಳ ಮೈಯಲ್ಲಿ ಬ್ರಷ್ ನೋಡಲು ಕಿಟಕಿಗಳಿರುತ್ತಿದ್ದವು. ಸಿ40ರಲ್ಲಿ ಇಲ್ಲ, ಬಿಚ್ಚಿದರೆ ಮಾತ್ರ ಕಾಣುತ್ತದೆ. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಯಾರೂ ಬಿಚ್ಚಿ ನೋಡಿರುವುದೇ ಇಲ್ಲ.

ಒಳಗೆಲ್ಲ ಕಾರ್ಬನ್ ಪುಡಿಯ ಕಪ್ಪು. ಒಂದು ಬ್ರಷ್ ಸವೆದು 7 ಮಿಲಿಮೀಟರ್ ಹತ್ತಿರ ಬಂದಿತ್ತು, ಅದು ಬದಲಿಸಲೇಬೇಕಾದ ಮಿತಿ. ಇನ್ನೊಂದು ಉದ್ದವಾಗಿಯೇ ಇತ್ತು, ಆದರೆ ತನ್ನ ಗೂಡಿನಲ್ಲಿ ಸಿಕ್ಕಿಕೊಂಡು ಜಾರುತ್ತಿರಲಿಲ್ಲ. ಉದ್ದವಿದ್ದ ಬ್ರಷ್ಷೇ ಹೆಚ್ಚು ಹಾಳು ಮಾಡಿತ್ತು, ಏಕೆಂದರೆ ಅದು ಕಮ್ಯುಟೇಟರ್ ಮೇಲೆ ಒತ್ತಿ ಕೂರದೆ ಹಾರಿ ಹಾರಿ ಕಿಡಿ ಎಬ್ಬಿಸುತ್ತಿತ್ತು. ತಾಮ್ರದ ಪಟ್ಟಿಗಳ ಅಂಚುಗಳು ಸುಟ್ಟು ಕರಕಲಾಗಿದ್ದವು. ಪಟ್ಟಿಗಳ ನಡುವಿನ ಮೈಕಾ ತಾಮ್ರದ ಮಟ್ಟಕ್ಕೇ ಬಂದಿತ್ತು. ತಾಮ್ರ ಸವೆಯುತ್ತದೆ, ಮೈಕಾ ಅಷ್ಟು ಬೇಗ ಸವೆಯುವುದಿಲ್ಲ; ಎರಡೂ ಸಮವಾದ ಮೇಲೆ ಬ್ರಷ್ ಮೈಕಾ ಮೇಲೆ ತೇಲುತ್ತದೆ.

ಒಂದು ವಿಷಯ ಸಮಾಧಾನ ತಂದಿತು. ಆರ್ಮೇಚರ್ ತಂತಿಗಳನ್ನು ಕಮ್ಯುಟೇಟರಿಗೆ ಬೆಸೆದಿರುವ ಜಾಗದಿಂದ ಸೀಸದ ಹನಿಗಳು ಹಾರಿ ಒಳಗೋಡೆಗೆ ಅಂಟಿರಲಿಲ್ಲ. ಹಾಗೆ ಅಂಟಿದ್ದರೆ ಡೈನಮೋ ಶಕ್ತಿಮೀರಿ ದುಡಿದು ಬೆಸುಗೆ ಕರಗಿದೆ ಎಂದರ್ಥ, ಆಗ ಈ ರಿಪೇರಿ ಅಲ್ಲಿಗೇ ಮುಗಿದು ಬೇರೆ ಆರ್ಮೇಚರ್ ಹುಡುಕಬೇಕು. ಫೀಲ್ಡ್ ವೈಂಡಿಂಗ್ ಅಳೆದರೆ 6 ಓಮ್, ಸಿ40ಗೆ ಇರಬೇಕಾದದ್ದೇ. ಕಮ್ಯುಟೇಟರ್ ಪಟ್ಟಿಗಳಿಂದ ಶಾಫ್ಟಿಗೆ ಎಲ್ಲೂ ಸಂಪರ್ಕ ಇಲ್ಲ, ಅಂದರೆ ಇನ್ಸುಲೇಷನ್ ಸರಿಯಾಗಿದೆ.

ಕಮ್ಯುಟೇಟರನ್ನು ಲೇತಿನಲ್ಲಿ ತೀರಾ ತೆಳುವಾಗಿ ಸವರಿಸಿದೆ, ಸುಟ್ಟ ಗುರುತು ಹೋಗುವಷ್ಟು ಮಾತ್ರ. ಸಣ್ಣ ಕಪ್ಪಾಗಿದ್ದರೆ ಲೇತ್ ಬೇಕಿಲ್ಲ. ಪೆಟ್ರೋಲ್ ಬಟ್ಟೆಯಿಂದ ಒರೆಸಿ, ನಯವಾದ ಗ್ಲಾಸ್ ಪೇಪರ್ ಸುತ್ತಿ ಆರ್ಮೇಚರ್ ತಿರುಗಿಸಿದರೆ ಸಾಕು. ಎಮರಿ ಪೇಪರ್ ಮಾತ್ರ ಬೇಡ, ಅದರ ಪುಡಿ ತಾಮ್ರದಲ್ಲಿ ನಾಟಿ ಬ್ರಷ್ಷನ್ನು ತಿನ್ನುತ್ತದೆ. ಆಮೇಲೆ ಮೈಕಾ ಕೆರೆಯುವ ಕೆಲಸ. ಹ್ಯಾಕ್ಸಾ ಬ್ಲೇಡಿನ ತುಂಡೊಂದರ ಹಲ್ಲುಗಳ ಬದಿಯನ್ನು ಮೈಕಾದ ದಪ್ಪಕ್ಕೆ ಸರಿಯಾಗಿ ಉಜ್ಜಿ, ಹಿಡಿಯಲು ಟೇಪ್ ಸುತ್ತಿಕೊಂಡೆ. ಪಟ್ಟಿಗಳ ನಡುವಿನ ಒಂದೊಂದು ಸಂದಿನಲ್ಲೂ ಸುಮಾರು 0.8 ಮಿಲಿಮೀಟರ್ ಆಳ ಕೆರೆಯಬೇಕು. ತಳ ಚೌಕಾಗಿರಬೇಕು, ಇಂಗ್ಲಿಷ್ ವಿ ಅಕ್ಷರದಂತೆ ಅಲ್ಲ, ಮತ್ತು ತಾಮ್ರದ ಗೋಡೆಗೆ ಅಂಟಿ ಮೈಕಾದ ತೆಳು ಅಂಚು ಉಳಿಯಕೂಡದು. ಭೂತಗನ್ನಡಿ ಹಿಡಿದು ಪ್ರತಿಯೊಂದನ್ನೂ ನೋಡಿದೆ. ಬೇಸರದ ಕೆಲಸ, ಆದರೆ ಇಡೀ ರಿಪೇರಿಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ. ಸಿ40ಗಳಲ್ಲೇ ಕೆಲವಕ್ಕೆ ಅಚ್ಚಿನಲ್ಲಿ ಎರಕ ಹೊಯ್ದ ಕಮ್ಯುಟೇಟರ್ ಇರುತ್ತದೆ. ಅದರಲ್ಲಿ ಆಳವಾಗಿ ಕೆರೆಯಲು ಅಷ್ಟು ಅವಕಾಶ ಇಲ್ಲ, ಮೊದಲು ಯಾವುದು ಎಂದು ನೋಡಿಕೊಳ್ಳಿ.

ಆರ್ಮೇಚರ್ ಶಾಫ್ಟ್ ಕೂತು ತಿರುಗುವ ಹಿಂಬದಿಯ ಬುಷ್ ಸರಂಧ್ರ ಕಂಚಿನದ್ದು, ಎಣ್ಣೆ ಹೀರಿಕೊಂಡು ನಿಧಾನವಾಗಿ ಬಿಡುವಂಥದ್ದು. ಹೊಸ ಬುಷ್ಷನ್ನು ಒಣಗಿದ್ದ ಹಾಗೆಯೇ ಹೊಡೆದು ಕೂರಿಸಿದರೆ ಬೇಗ ಸವೆದು ಆರ್ಮೇಚರ್ ಸುತ್ತಲಿನ ಫೀಲ್ಡಿನ ಕಬ್ಬಿಣದ ಕಂಬಗಳಿಗೆ ತಾಗುತ್ತದೆ. ಎಸ್‌ಎಇ 30 ಎಂಜಿನ್ ಆಯಿಲಿನಲ್ಲಿ 24 ಗಂಟೆ ಮುಳುಗಿಸಿಟ್ಟು ಆಮೇಲೆ ಹಾಕಿದೆ. ಹಿಂದಿನ ಮುಚ್ಚಳದ ನಡುವಿನ ಸಣ್ಣ ತೂತು ಇದೇ ಬುಷ್ಷಿಗೆ ಆಗಾಗ ಎರಡು ಹನಿ ಎಣ್ಣೆ ಬಿಡಲು. ಹೆಚ್ಚು ಬಿಟ್ಟರೆ ಅದು ಕಮ್ಯುಟೇಟರ್ ಮೇಲೆ ಇಳಿಯುತ್ತದೆ.

ಮತ್ತೆ ಜೋಡಿಸುವಾಗ ಹೊಸಬರಿಗೆ ತಲೆಕೆಡುವುದು ಬ್ರಷ್ಷುಗಳು. ಕಮ್ಯುಟೇಟರ್ ಒಳಗೆ ಹೋಗುವವರೆಗೆ ಅವನ್ನು ಯಾರು ಎತ್ತಿ ಹಿಡಿಯುತ್ತಾರೆ? ಸ್ಪ್ರಿಂಗೇ ಹಿಡಿಯುತ್ತದೆ. ಬ್ರಷ್ಷನ್ನು ಗೂಡಿನಲ್ಲಿ ಮೇಲಕ್ಕೆಳೆದು, ಸ್ಪ್ರಿಂಗ್ ತುದಿಯನ್ನು ಅದರ ತಲೆಯ ಮೇಲೆ ಇಡದೆ ಪಕ್ಕಕ್ಕೆ ಒತ್ತುವಂತೆ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಮುಚ್ಚಳ ಇನ್ನು ಅರ್ಧ ಇಂಚು ಕೂರಬೇಕು ಅನ್ನುವಾಗ ಆ ಸಂದಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಸ್ಪ್ರಿಂಗನ್ನು ಬ್ರಷ್ ತಲೆಗೆ ದಾಟಿಸಿದರೆ ಟಕ್ ಎಂದು ಕೆಳಗೆ ಕೂರುತ್ತದೆ. ಆ ಸದ್ದು ಎರಡು ಸಲ ಕೇಳಬೇಕು.

ಗಾಡಿಗೆ ಏರಿಸುವ ಮೊದಲು ಬೆಂಚಿನ ಮೇಲೆ ಡೈನಮೋವನ್ನು ಮೋಟರ್ ಮಾಡಿ ನೋಡಿದೆ. ಡಿ ಮತ್ತು ಎಫ್ ಜೋಡಿಸಿ ಬ್ಯಾಟರಿಯ ಮೈನಸ್, ಮೈಗೆ ಪ್ಲಸ್. ನಿಧಾನವಾಗಿ, ಒಂದೇ ಲಯದಲ್ಲಿ ತಿರುಗಿತು. ಇದೇ ಪರೀಕ್ಷೆಯಲ್ಲಿ ಫೀಲ್ಡಿಗೆ ಸರಿಯಾದ ಧ್ರುವವೂ ತುಂಬಿಕೊಳ್ಳುತ್ತದೆ. ಯಾರಾದರೂ ಗಾಡಿಯನ್ನು ನೆಗೆಟಿವ್ ಅರ್ತ್‌ಗೆ ಬದಲಿಸಿದರೂ ಡೈನಮೋ ಬಿಸಾಡಬೇಕಿಲ್ಲ. ಎರಡೂ ವೈರ್ ಕಿತ್ತು, ಹೊಸ ಲೈವ್ ತುದಿಯನ್ನು ಎಫ್‌ಗೆ ಕೆಲವು ಕ್ಷಣ ಮುಟ್ಟಿಸಿದರೆ ಅದು ಹೊಸ ದಿಕ್ಕಿಗೆ ಒಗ್ಗಿಕೊಳ್ಳುತ್ತದೆ.

ಈಗ 0.9 ವೋಲ್ಟ್ ನುಂಗುತ್ತಿದ್ದ ಬಾಕ್ಸ್. ಆರ್‌ಬಿ106ರಲ್ಲಿ ಎರಡು ಬಾಬಿನ್ (ತಂತಿ ಸುತ್ತಿದ ಉರುಳೆ). ಒಂದು ಕಟೌಟ್: ಡೈನಮೋ ವೋಲ್ಟೇಜ್ ಬ್ಯಾಟರಿಯನ್ನು ಮೀರಿದಾಗ ಮಾತ್ರ ಎರಡನ್ನೂ ಜೋಡಿಸುತ್ತದೆ, ಇಲ್ಲದಿದ್ದರೆ ನಿಂತ ಗಾಡಿಯಲ್ಲಿ ಬ್ಯಾಟರಿ ಡೈನಮೋ ಮೂಲಕ ಖಾಲಿಯಾಗುತ್ತದೆ. ಇನ್ನೊಂದು ರೆಗ್ಯುಲೇಟರ್: ವೋಲ್ಟೇಜ್ ಹೆಚ್ಚಾದಾಗ ಕಾಂಟ್ಯಾಕ್ಟ್ ತೆರೆದು ಫೀಲ್ಡಿನ ದಾರಿಯಲ್ಲಿ ಒಂದು ರೆಸಿಸ್ಟರ್ ತರುತ್ತದೆ. ಕ್ಷಣಕ್ಕೆ ಹತ್ತಾರು ಸಲ ತೆರೆದು ಮುಚ್ಚುತ್ತಾ ಸರಾಸರಿಯನ್ನು ಹಿಡಿದಿಡುತ್ತದೆ. ಎರಡರ ಕಾಂಟ್ಯಾಕ್ಟುಗಳ ಲೋಹ ಬೇರೆ, ಶುಚಿ ಮಾಡುವ ರೀತಿಯೂ ಬೇರೆ. ರೆಗ್ಯುಲೇಟರಿನದನ್ನು ನಯವಾದ ಕಾರ್ಬೊರಂಡಂ ಕಲ್ಲಿನಿಂದ ಉಜ್ಜಬಹುದು. ಕಟೌಟಿನದು ಮೆದು, ಅದಕ್ಕೆ ನಯವಾದ ಗ್ಲಾಸ್ ಪೇಪರ್ ಮಾತ್ರ. ಆಮೇಲೆ ಎರಡನ್ನೂ ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ನನ್ನ ಕಟೌಟ್ ಕಾಂಟ್ಯಾಕ್ಟಿನಲ್ಲಿ ಒಂದು ಕಡೆ ಗುಂಡಿ, ಎದುರಿಗೆ ಉಬ್ಬು. ಡಿ ಟರ್ಮಿನಲ್ಲಿನ ಸ್ಕ್ರೂ ಹಸಿರುಗಟ್ಟಿತ್ತು. ಎಲ್ಲ ಶುಚಿಯಾದ ಮೇಲೆ ಅದೇ ಜಾಗದ ಡ್ರಾಪ್ 0.9 ಇಂದ 0.3ಕ್ಕೆ ಇಳಿಯಿತು. ಹೊಸ ಬಾಕ್ಸ್ ಬೇಕಾಗಲಿಲ್ಲ.

ಬಾಕ್ಸಿನ ಇ (ಅರ್ತ್) ಟರ್ಮಿನಲ್ಲಿನ ಕಪ್ಪು ವೈರನ್ನೂ ಮರೆಯಬೇಡಿ. ರೆಗ್ಯುಲೇಟರಿನ ಕಾಯಿಲ್ ವೋಲ್ಟೇಜ್ ಅಳೆಯುವುದು ಡಿ ಮತ್ತು ಇ ನಡುವೆ. ಆ ಅರ್ತ್ ಕೆಟ್ಟರೆ ಕಾಯಿಲ್‌ಗೆ ಕಡಿಮೆ ವೋಲ್ಟೇಜ್ ಕಾಣುತ್ತದೆ, ಡೈನಮೋ ಇನ್ನೂ ಏರಲಿ ಎಂದು ಬಿಟ್ಟುಕೊಡುತ್ತದೆ, ಬ್ಯಾಟರಿ ಕುದಿಯುತ್ತದೆ. ಅಲ್ಲಿ ಬಣ್ಣ ಕೆರೆದು ಬಿಗಿದೆ. ಎಂಜಿನ್ ಮತ್ತು ಬಾಡಿ ನಡುವಿನ ಹೆಣೆದ ಅರ್ತ್ ಪಟ್ಟಿಯ ಒಳಗೆಲ್ಲ ತುಕ್ಕು ಹಿಡಿದಿತ್ತು, ಹೊಸದು ಹಾಕಿದೆ. ಆ 0.3 ಅಲ್ಲಿಗೆ ಮಾಯ.

ಸೆಟ್ಟಿಂಗ್ ನೋಡಲು ಎ ಮತ್ತು ಎ1ರ ವೈರುಗಳನ್ನು ಬಾಕ್ಸಿನಿಂದ ಕಿತ್ತು ಒಂದಕ್ಕೊಂದು ಜೋಡಿಸಿಡಬೇಕು, ಇಗ್ನಿಷನ್ ಓಡಬೇಕಲ್ಲ. ಡಿ ಮತ್ತು ಇ ನಡುವೆ ಮೀಟರ್. ಎಂಜಿನ್ ವೇಗ ಏರಿಸುತ್ತಾ ಹೋದರೆ ಮುಳ್ಳು ಮೇಲೇರಿ, ಒಮ್ಮೆ ಕೊಡವಿದಂತಾಗಿ ನಿಲ್ಲುತ್ತದೆ. ಆ ಅಂಕಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 16.0ರಿಂದ 16.6 ಇರಬೇಕು, ವಾತಾವರಣ ಬಿಸಿಯಾದಷ್ಟೂ ಚೂರು ಚೂರೇ ಕಡಿಮೆ. ಅರ್ಧ ನಿಮಿಷದೊಳಗೆ ಮುಗಿಸಿ, ಕಾಯಿಲ್ ಬಿಸಿಯಾದರೆ ಅಂಕಿ ಸುಳ್ಳು ಹೇಳುತ್ತದೆ. ನನ್ನದು 15.4 ಇತ್ತು. ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿ 16.2ಕ್ಕೆ ನಿಲ್ಲಿಸಿದೆ. ಕಟೌಟ್ 12.7 ಮತ್ತು 13.3ರ ನಡುವೆ ಮುಚ್ಚಬೇಕು, ಅದು ಸರಿಯಾಗಿಯೇ ಇತ್ತು.

ಹದಿನಾರು ವೋಲ್ಟ್ ನೋಡಿ ಗಾಬರಿಯಾಗಿ ಅದನ್ನು 14ಕ್ಕೆ ಇಳಿಸಿಬಿಡುವವರು ಬಹಳ. ಇಳಿಸಿದರೆ ಬ್ಯಾಟರಿ ಎಂದೂ ತುಂಬುವುದಿಲ್ಲ. 16 ಎಂಬುದು ಏನೂ ಜೋಡಿಸದಾಗಿನ ಅಂಕಿ. ರೆಗ್ಯುಲೇಟರ್ ಬಾಬಿನ್ ಮೇಲೆ ಹೊರಹೋಗುವ ಕರೆಂಟೇ ಹರಿಯುವ ದಪ್ಪ ಸುತ್ತುಗಳೂ ಇವೆ. ಲೋಡ್ ಏರಿದಂತೆ ಅವು ಕಾಂಟ್ಯಾಕ್ಟನ್ನು ಬೇಗ ತೆರೆಸಿ ವೋಲ್ಟೇಜ್ ತಗ್ಗಿಸುತ್ತವೆ. 22 ಆಂಪಿಯರ್ ಮಾತ್ರ ತಾಳುವ ಡೈನಮೋ ಸುಟ್ಟುಹೋಗದಂತೆ ಕಾಯುವುದು ಈ ಸುತ್ತುಗಳೇ.

ಇನ್ನು ಆಲ್ಟರ್ನೇಟರ್ ಮಾತು. ಡೈನಮೋದಲ್ಲಿ ಪೂರ್ತಿ ಕರೆಂಟ್ ತಿರುಗುವ ಆರ್ಮೇಚರಿನಲ್ಲಿ ಹುಟ್ಟಿ ಕಮ್ಯುಟೇಟರ್ ದಾಟಿ ಬರಬೇಕು. ತೀರಾ ವೇಗವಾಗಿ ತಿರುಗಿಸಿದರೆ ಪಟ್ಟಿಗಳೂ ಸುತ್ತುಗಳೂ ಕಿತ್ತು ಹಾರುತ್ತವೆ, ಆದ್ದರಿಂದ ಪುಲ್ಲಿ ದೊಡ್ಡದು, ಐಡಲ್‌ನಲ್ಲಿ ಉತ್ಪಾದನೆ ಹೆಚ್ಚುಕಡಿಮೆ ಸೊನ್ನೆ. ಆಲ್ಟರ್ನೇಟರಿನಲ್ಲಿ ತಿರುಗುವುದು ಬರೀ ಫೀಲ್ಡ್, ಕರೆಂಟ್ ಹುಟ್ಟುವುದು ನಿಂತ ಸುತ್ತುಗಳಲ್ಲಿ. ಸಣ್ಣ ಪುಲ್ಲಿ ಹಾಕಿ ವೇಗವಾಗಿ ತಿರುಗಿಸಬಹುದು, ಐಡಲ್‌ನಲ್ಲೂ ಚಾರ್ಜ್ ಬರುತ್ತದೆ. ಲೂಕಸ್ 17ಎಸಿಆರ್ 36 ಆಂಪಿಯರ್ ಕೊಡುತ್ತದೆ.

ನನ್ನ ಲೆಕ್ಕ ಹೀಗೆ: ಹೈಬೀಮ್ 10 ಆಂಪಿಯರ್, ಪಾರ್ಕಿಂಗ್ ಮತ್ತು ಹಿಂದಿನ ದೀಪಗಳು 2, ಇಗ್ನಿಷನ್ ಕಾಯಿಲ್ 3, ವೈಪರ್ 3. ಒಟ್ಟು 18. ರಸ್ತೆಯ ವೇಗದಲ್ಲಿ 22ರ ಡೈನಮೋ ಇದನ್ನು ಹೊರುತ್ತದೆ. ಹಾಗಾಗಿ ಉಳಿಸಿಕೊಂಡೆ. ಹೆಚ್ಚುವರಿ ದೀಪ, ಎಲೆಕ್ಟ್ರಿಕ್ ಫ್ಯಾನ್, ಫೋನ್ ಚಾರ್ಜರ್ ಎಲ್ಲ ಸೇರಿಸುವವರು, ಪಟ್ಟಣದ ಟ್ರಾಫಿಕ್ಕಿನಲ್ಲೇ ಓಡಿಸುವವರು ಆಲ್ಟರ್ನೇಟರ್ ಹಾಕುವುದೇ ಸರಿ. ಅವರಿಗೆ ಒಂದೆರಡು ಮಾತು. ಇಡೀ ಗಾಡಿ ನೆಗೆಟಿವ್ ಅರ್ತ್ ಆಗಬೇಕು. ತಪ್ಪಿದರೆ ಡಯೋಡುಗಳು ಆ ಕ್ಷಣವೇ ಹೋಗುತ್ತವೆ. ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರುಗಳನ್ನು ಅದಲುಬದಲು ಮಾಡಬೇಕು, ಪ್ಲಗ್ಗಿನ ನಡುವಿನ ಬಿಸಿ ಎಲೆಕ್ಟ್ರೋಡ್ ಮೈನಸ್ ಆಗಿದ್ದರೆ ಕಿಡಿ ಸುಲಭವಾಗಿ ಹಾರುತ್ತದೆ. ಬ್ಯಾಟರಿಯ ಪ್ಲಸ್ ಕಂಬ ದಪ್ಪ, ಮೈನಸ್ ಸಣ್ಣದು, ಕ್ಲಾಂಪುಗಳೂ ಬದಲಾಗಬೇಕು. ಹಳೆಯ ಬಾಕ್ಸನ್ನು ಬರೀ ಜಂಕ್ಷನ್ ಆಗಿ ಉಳಿಸಿಕೊಂಡು, ಒಳಗಿನದನ್ನೆಲ್ಲ ಕಳಚಿ, ಎಫ್‌ನ ಕಂದು-ಹಸಿರು ವೈರನ್ನೇ ಎಚ್ಚರಿಕೆ ದೀಪದ ವೈರಾಗಿ ಆಲ್ಟರ್ನೇಟರಿನ ಐಎನ್‌ಡಿ ಟರ್ಮಿನಲ್‌ಗೆ ಕೊಡಬಹುದು. ಅಲ್ಲಿ 2.2 ವ್ಯಾಟ್ ಬಲ್ಬೇ ಇರಲಿ. ಆಲ್ಟರ್ನೇಟರ್ ಎಚ್ಚರಗೊಳ್ಳುವುದು ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದ, ಎಲ್‌ಇಡಿ ಹಾಕಿದರೆ ಅದು ಸಾಲುವುದಿಲ್ಲ. 22 ಆಂಪಿಯರಿಗೆ ಎಳೆದಿದ್ದ ಹಳೆಯ ವೈರನ್ನು ನಂಬದೆ, ಆಲ್ಟರ್ನೇಟರಿನಿಂದ ಸ್ಟಾರ್ಟರ್ ಸೊಲೆನಾಯ್ಡಿನ ಬ್ಯಾಟರಿ ಬದಿಗೆ ಹೊಸ ದಪ್ಪ ವೈರ್ ಎಳೆಯಿರಿ.

ನನ್ನ ಗಾಡಿಗೆ ಬೆಲ್ಟನ್ನು ಉದ್ದನೆಯ ಕಡೆಯ ನಡುಮಧ್ಯ ಒತ್ತಿದರೆ ಅರ್ಧ ಇಂಚು ಬಗ್ಗುವಂತೆ ಬಿಗಿದು, ಎಲ್ಲ ಜೋಡಿಸಿ ಅದೇ ವೇಗದಲ್ಲಿ ಮತ್ತೆ ಅಳೆದೆ. ಹೆಡ್‌ಲೈಟ್ ಇಲ್ಲದೆ ಬ್ಯಾಟರಿ ಮೇಲೆ 14.1, ಹೆಡ್‌ಲೈಟ್ ಹಾಕಿದರೆ 13.3. ಗ್ಯಾರೇಜಿನ ದೀಪ ಆರಿಸಿ ನೋಡಿದರೂ ಕೆಂಪು ದೀಪದಲ್ಲಿ ಬೆಳಕಿಲ್ಲ. ಐಡಲ್‌ಗೆ ಇಳಿದಾಗ ಮಿನುಗುತ್ತದೆ. ಅದು ಡೈನಮೋದ ಸ್ವಭಾವ, ರೋಗವಲ್ಲ. ಕಂದು-ನೀಲಿ ವೈರಿನ 0.6 ವೋಲ್ಟ್ ಮಾತ್ರ ಇನ್ನೂ ಅಲ್ಲೇ ಇದೆ. ಹೆಡ್‌ಲೈಟಿನ ಪೂರ್ತಿ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿನವರೆಗೆ ಹೋಗಿ ವಾಪಸ್ ಬರುವುದೇ ಅದಕ್ಕೆ ಕಾರಣ. ಮುಂದಿನ ಕೆಲಸ ಬಾನೆಟ್ ಒಳಗೆ, ಆ ಕರೆಂಟನ್ನು ಸ್ವಿಚ್ಚಿನ ಬದಲು ತಾವೇ ಹಾಯಿಸುವ ಎರಡು ರಿಲೇ, ಹೈಬೀಮಿಗೊಂದು ಲೋಬೀಮಿಗೊಂದು, ಜತೆಗೆ ಕಂಪನಿ ಈ ಗಾಡಿಯ ಹೆಡ್‌ಲೈಟಿಗೆ ಕೊಡದೇ ಬಿಟ್ಟ ಫ್ಯೂಸ್.